ಮೂರೇ ಸೆಟ್ಟು ಮೇಡಂ!



ಹೋದ ದಸರೆಯ ಹಿಂದಿನ ದಸರೆಯ ಮಾತು. ನಮ್ಮ ಬಡಾವಣೆಯ ಮಹಿಳಾ ಸಮಾಜದವರು ಒಂದೊಂದು ಮನೆಯಿಂದ ಗೊಂಬೆ ತರಿಸಿ ಸಭಾಂಗಣದಲ್ಲಿ ಒಟ್ಟಿಗೆ ಕೂರಿಸುವುದೆಂದು ತೀರ್ಮಾನ ಮಾಡಿದ್ದರು. ನನ್ನ ತವರಿನ ಗೊಂಬೆಗಳಿಗೆ ಊರಲ್ಲಿ ಸ್ವಲ್ಪ ಹೆಸರಿದೆ, ಹೇಳಿಕೊಳ್ಳಬಾರದು ಬಿಡಿ. ಹಳೇ ಟ್ರಂಕಿನಲ್ಲಿ ನೂಲಿನ ಸೀರೆಗಳ ನಡುವೆ ಮಗುವಿನ ಹಾಗೆ ಮಲಗಿಸಿಕೊಂಡು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ದಶಾವತಾರದ್ದೊಂದು, ಮದುವೆ ದಿಬ್ಬಣದ್ದೊಂದು, ಶೆಟ್ಟಿ ಶೆಟ್ಟಮ್ಮನ ಅಂಗಡಿಯದೊಂದು.

ಅಲ್ಲಿ ಉಸ್ತುವಾರಿ ನೋಡುತ್ತಿದ್ದ ಒಬ್ಬ ಮೇಡಂ ನನ್ನ ಹತ್ತಿರ ಬಂದು ನಗುನಗುತ್ತಾ, "ಆಲ್ ಸೆಟ್?" ಅಂದರು. ನಾನು ಟ್ರಂಕಿನ ಮುಚ್ಚಳ ತೆಗೆಯುತ್ತಾ, "ಇಲ್ಲ ಮೇಡಂ, ಮೂರೇ ಸೆಟ್ಟು ತಂದಿರೋದು. ಇನ್ನೆರಡು ಸೆಟ್ಟು ಮನೇಲಿವೆ" ಅಂದೆ.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಕಿಸಕ್ಕೆಂದರು, ಅವರನ್ನು ನೋಡಿ ಇನ್ನೊಬ್ಬರು. 'ಎಲ್ಲ ಸಿದ್ಧವಾಯಿತಾ?' ಎಂದು ಕೇಳಿದ್ದಂತೆ ಅವರು. ಸಂಜೆ ಅರಿಶಿನ ಕುಂಕುಮಕ್ಕೆ ಹೋದರೆ ಮೂಲೆಯಲ್ಲಿ ಯಾರೋ "ಮೂರೇ ಸೆಟ್ಟು ಬಂದ್ರು ನೋಡ್ರೇ" ಅಂದದ್ದು ಕಿವಿಗೆ ಬಿತ್ತು. ಮಿಕ್ಕ ಎಂಟು ದಿನ ನಾನು ಆ ಕಡೆ ತಲೆಹಾಕಲಿಲ್ಲ. ವಿಜಯದಶಮಿಯ ಮಾರನೇ ದಿನ ಗೊಂಬೆಗಳನ್ನು ತರಲು ಮಗಳನ್ನು ಕಳಿಸಿದೆ.

ನಿಮಗೆ ಇದು ಅಲ್ಪ ವಿಷಯ ಅನ್ನಿಸಬಹುದು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಗೇ ಶಾಲೆಯ ಬಾಗಿಲು ಮುಚ್ಚಿಕೊಂಡವರಿಗೆ ಗೊತ್ತು, ಇಂಥ ನಗು ಎಲ್ಲಿ ನಾಟುತ್ತದೆ ಅಂತ. ನಮ್ಮತ್ತೆಯವರು ಮಾತ್ರ ವಿಷಯ ಕೇಳಿ, "ಸೆಟ್ಟೋ ಶೆಟ್ಟಿಯೋ, ಗೊಂಬೆ ಒಂದೂ ಮುಕ್ಕಾಗದೆ ಬಂತಲ್ಲ" ಅಂದು ಸುಮ್ಮನಾದರು. (ಶೆಟ್ಟಿ ಎನ್ನುವುದು ಸಂಸ್ಕೃತದ ಶ್ರೇಷ್ಠಿಯಿಂದ ಬಂದ ಮಾತು, ಈ ಸೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ!)

ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳು ಹೇಳಿದಳು: "ಅಮ್ಮಾ, ನೀನು ಎಡವಿದ್ದು ಸಣ್ಣ ಕಲ್ಲಲ್ಲ. ಡಿಕ್ಷನರಿ ಬರೆದವರಿಗೇ ಆ ಪದ ಬೆವರಿಳಿಸಿದೆ." ಹಾಗಾದರೆ ಏನದು, ನೋಡೇ ಬಿಡೋಣ ಅಂತ ಹಟ ಹುಟ್ಟಿತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲಿನ ಒಂದು ಗಂಟೆ ಅದಕ್ಕೇ ಇಟ್ಟೆ. ಅರ್ಥವಾಗದ್ದನ್ನು ಮಗಳು ಬಿಡಿಸಿ ಹೇಳಿದಳು. ನಾನು ಕಂಡದ್ದನ್ನು ನಿಮಗೂ ಬಡಿಸುತ್ತಿದ್ದೇನೆ.

ಇಂಗ್ಲಿಷಿನ ಅತಿ ದೊಡ್ಡ ನಿಘಂಟು ಆಕ್ಸ್‌ಫರ್ಡಿನದು. ಅದರ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಯಾವ ಪದಕ್ಕೆ ಗೊತ್ತೇ? ಯಾವುದೋ ಬಾಯಿ ತಿರುಗದ ವೈದ್ಯಶಾಸ್ತ್ರದ ಪದಕ್ಕಲ್ಲ, ಮೂರಕ್ಷರದ ಈ 'ಸೆಟ್' ಕ್ರಿಯಾಪದಕ್ಕೆ! ಸುಮಾರು 430 ಅರ್ಥಗಳು. ಅವನ್ನು ವಿವರಿಸಲು ಸುಮಾರು 60,000 ಪದಗಳು. ನನ್ನ ಈ ಅಂಕಣವನ್ನು ಸುಮಾರು ನಲವತ್ತು ಸಲ ಬರೆದರೆ ಎಷ್ಟಾಗುತ್ತದೋ ಅಷ್ಟು. ಹದಿನೈದು ದಿನಕ್ಕೊಂದರಂತೆ ಬರೆದರೂ ವರ್ಷ ದಾಟಿ ಹೋಗುತ್ತದೆ, ಸಂಪಾದಕರು ಅಷ್ಟರಲ್ಲಿ ನನ್ನನ್ನು ಮನೆಗೆ ಕಳಿಸಿರುತ್ತಾರೆ. ಈಚೆಗೆ ಅದೇ ನಿಘಂಟನ್ನು ಪರಿಷ್ಕರಿಸುವಾಗ, 2011ರಲ್ಲಿ, 'ರನ್' ಎಂಬ ಪದ 645 ಅರ್ಥಗಳೊಂದಿಗೆ ಸೆಟ್ಟನ್ನು ಹಿಂದೆ ಹಾಕಿತಂತೆ. ಹಾಕಲಿ, ನನ್ನ ಲೆಕ್ಕದಲ್ಲಿ 430 ಕೂಡ ಕಡಿಮೆಯೇನಲ್ಲ. ಅಷ್ಟರಲ್ಲಿ ನಾನು ಒಂದನ್ನು ತಪ್ಪಿ ಇನ್ನೊಂದನ್ನು ಹಿಡಿದೆ, ಅಷ್ಟೇ ತಾನೇ?

ಆ ನಿಘಂಟು ಹುಟ್ಟಿದ ಕಥೆಯನ್ನು ಒಂದಿಷ್ಟು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅದರ ಪ್ರಮುಖ ಸಂಪಾದಕ ಜೇಮ್ಸ್ ಮರ್ರೆ. ಆಕ್ಸ್‌ಫರ್ಡಿನ ಮನೆಯ ತೋಟದಲ್ಲಿ ಕಬ್ಬಿಣದ ತಗಡಿನ ಒಂದು ಶೆಡ್ಡು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಊರೂರಿನ ಜನ ತಾವು ಓದಿದ ಪುಸ್ತಕಗಳಿಂದ ಒಂದೊಂದು ಪದದ ಬಳಕೆಯನ್ನು ಚೀಟಿಯಲ್ಲಿ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಅವರಿಗೆ 11 ಮಕ್ಕಳು. ಆ ಚೀಟಿಗಳನ್ನು ಅಕ್ಷರಮಾಲೆಯಂತೆ ಜೋಡಿಸಿಕೊಟ್ಟರೆ ಮಕ್ಕಳಿಗೆ ಪುಡಿಗಾಸು. ನಾವು ಮಕ್ಕಳ ಕೈಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆವಲ್ಲ, ಹಾಗೆ. 'ಸೆಟ್' ಇರುವ ಭಾಗವನ್ನು ನೋಡಿಕೊಂಡವರು ಹೆನ್ರಿ ಬ್ರಾಡ್ಲಿ ಎಂಬ ಇನ್ನೊಬ್ಬ ಸಂಪಾದಕರು.

ಆ ಚೀಟಿಗಳ ಹಿಂದೆ ಎಷ್ಟು ಜನ ಹೆಂಗಸರಿದ್ದರು ಎಂದು ಓದಿ ನನಗೆ ಆಶ್ಚರ್ಯವಾಯಿತು. ಈಡಿತ್ ಥಾಂಪ್ಸನ್ ಎಂಬಾಕೆ ತನ್ನ ತಂಗಿಯ ಜೊತೆ ಸೇರಿ ಸುಮಾರು 15,000 ಚೀಟಿ ಬರೆದು ಕಳಿಸಿದ್ದರು. ಮರ್ರೆಯ ಮಕ್ಕಳಾದ ಎಲ್ಸಿ ಮತ್ತು ರಾಸ್‌ಫ್ರಿತ್, ಬ್ರಾಡ್ಲಿಯ ಮಗಳು ಎಲೀನರ್, ಇವರೆಲ್ಲ ವರ್ಷಗಟ್ಟಲೆ ಅಲ್ಲೇ ಕೆಲಸ ಮಾಡಿದವರು. ಮರ್ರೆ 1915ರಲ್ಲಿ ತೀರಿಕೊಂಡರು, ಬ್ರಾಡ್ಲಿ 1923ರಲ್ಲಿ. ನಾಲ್ಕು ಲಕ್ಷಕ್ಕೂ ಮೀರಿದ ಪದಗಳ ನಿಘಂಟು 1928ರಲ್ಲಿ ಮುಗಿಯಿತು. ಆ ವರ್ಷದ ಜೂನ್ 6ರಂದು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲಿನಲ್ಲಿ ಭಾರೀ ಔತಣ. ಪ್ರಧಾನಮಂತ್ರಿ ಬಾಲ್ಡ್‌ವಿನ್ನರೇ ಬಂದು ಭಾಷಣ ಮಾಡಿದರು. ಊಟದ ಮೇಜಿಗೆ ಗಂಡಸರಿಗೆ ಮಾತ್ರ ಕರೆ. ಈಡಿತ್, ರಾಸ್‌ಫ್ರಿತ್, ಎಲೀನರ್ ಮೂವರಿಗೆ ಮೇಲಿನ ಬಾಲ್ಕನಿಯಲ್ಲಿ ಕೂತು ಕೆಳಗೆ ಗಂಡಸರು ಉಣ್ಣುವುದನ್ನು ನೋಡಲು ಅನುಮತಿ ಇತ್ತಂತೆ!

ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮೊದಲ ಪಂಕ್ತಿ, ಎರಡನೇ ಪಂಕ್ತಿ ಮುಗಿದು, ಕಡೆಗೆ ಅಡುಗೆಮನೆಯ ಬಾಗಿಲಲ್ಲಿ ತಳದ ಸಾರು ಬಡಿಸಿಕೊಂಡು ಉಂಡವರು ನಾವು. ನಮಗೆ ಹೇಳಬೇಕೇ? ಆದರೂ ಅವರು ಇಂಗ್ಲಿಷಿನವರು, ಅದೂ ಡಿಕ್ಷನರಿ ಮಾಡಿದವರು!

ಸರಿ, ಪದಕ್ಕೆ ಬರೋಣ. ನಾನೂರಮೂವತ್ತು ಅರ್ಥ ಅಂದಾಗ ಎದೆ ಧಸಕ್ಕೆಂದಿತ್ತು. ಆದರೆ ಉದಾಹರಣೆಗಳನ್ನು ಮಗಳು ಒಂದೊಂದಾಗಿ ಓದುತ್ತಾ ಹೋದ ಹಾಗೆ ನನಗೆ ಯಾಕೋ ಪರಿಚಯದ ಮುಖ ಕಂಡಂತಾಯಿತು. ಮದುವೆಗೆ ದಿನ 'ಸೆಟ್' ಮಾಡುವುದು: ನಾವು ಮುಹೂರ್ತ ಇಡುತ್ತೇವೆ. ಇಲಿಗೆ ಬೋನು ಸೆಟ್: ನಾವು ಬೋನು ಇಡುತ್ತೇವೆ. ಬೆಂಕಿ ಇಡುವುದು, ಅಲಾರಂ ಇಡುವುದು, ಬೆಲೆ ಇಡುವುದು, ಹೊಸ್ತಿಲೊಳಗೆ ಕಾಲಿಡುವುದು, ಪಕ್ಕಕ್ಕೆ ಎತ್ತಿಡುವುದು, ಎಲ್ಲಕ್ಕೂ ಅವರದು ಸೆಟ್, ನಮ್ಮದು ಇಡು. ಅಯ್ಯೋ, ಇದು ನಮ್ಮ 'ಇಡು' ಅಲ್ಲವೇನೇ ಅಂದೆ! ಎಲ್ಲ ಕಡೆಯೂ ಹೊಂದುವುದಿಲ್ಲ ಅನ್ನಿ. ನಾವು ಹೆಸರಿಡುತ್ತೇವೆ, ಕುಂಕುಮ ಇಡುತ್ತೇವೆ, ಕೋಳಿ ಮೊಟ್ಟೆ ಇಡುತ್ತದೆ. ಅಲ್ಲೆಲ್ಲ ಅವರು ಬೇರೆ ಪದ ಹುಡುಕುತ್ತಾರೆ. ಈಗ ಹೇಳಿ, ಪರದೇಶದ ಹೆಣ್ಣುಮಗಳೊಬ್ಬಳು ಕನ್ನಡ ಕಲಿಯಲು ಬಂದು ಈ 'ಇಡು'ವನ್ನು ಹಿಡಿದರೆ ಅವಳ ಗತಿಯೇನು? 'ಹಾಕು' ಅಂತೂ ಕೇಳಲೇ ಬೇಡಿ. ರಂಗೋಲಿ ಹಾಕು, ಬೀಗ ಹಾಕು, ಬಟ್ಟೆ ಹಾಕು, ಊಟ ಹಾಕು, ಶಾಪ ಹಾಕು. ಅವಳು ಊಟಕ್ಕೆ ಬೀಗ ಹಾಕಿ ಕೂತರೂ ಆಶ್ಚರ್ಯವಿಲ್ಲ.

ಇನ್ನು ಹುಟ್ಟಿನ ವಿಷಯ. ಈ ಸೆಟ್ ಒಂದು ಪದವಲ್ಲ. ಬೇರೆ ಬೇರೆ ಮನೆಗಳಲ್ಲಿ ಹುಟ್ಟಿ, ಒಂದೇ ಮುಖ ಹೊತ್ತು ಒಂದೇ ಮನೆ ಸೇರಿದ ಎರಡು ಪದ. ಓರಗಿತ್ತಿಯರು ಅನ್ನಿ.

ಮೊದಲನೆಯದು ಹಳೇ ಇಂಗ್ಲಿಷಿನದು. 'ಸಿಟ್' ಎಂದರೆ ಕೂರು; ಅದರಿಂದ 'ಸೆಟ್', ಎಂದರೆ ಕೂರಿಸು. ಮೂಲ ಅರ್ಥ ಇಷ್ಟೇ! ಚಿನ್ನದಲ್ಲಿ ಹರಳನ್ನು ಸೆಟ್ ಮಾಡುವುದು. ನಮ್ಮ ಅಕ್ಕಸಾಲಿಗರೂ ಹರಳು 'ಕೂರಿಸುವುದು' ಎಂದೇ ಹೇಳುತ್ತಾರೆ. ಕೋಳಿಯನ್ನು ಕಾವಿಗೆ ಕೂರಿಸುವುದಕ್ಕೂ ಅವರಲ್ಲಿ ಸೆಟ್ ಉಂಟು. ಸೂರ್ಯ ಮುಳುಗಿದರೆ ಸನ್‌ಸೆಟ್. ದಿನವೆಲ್ಲ ನಡೆದ ಸೂರ್ಯ ಸಂಜೆ ಕೂತುಬಿಡುತ್ತಾನೆ, ಪಾಪ. ಗಾರೆ, ಕಾಂಕ್ರೀಟು ಅಲುಗಾಡದೆ ಕೂತು ಗಟ್ಟಿಯಾದರೆ ಸೆಟ್. ಹಣ್ಣಿನ ಜೆಲ್ಲಿ ಗಟ್ಟಿಯಾದರೂ ಅದೇ. ಒಲೆಯ ಮೇಲಿನ ಗೋಡೆಗೆ ಮಸಿ ಕೂತಿದೆ ಎನ್ನುತ್ತೇವಲ್ಲ, ಆ ಮಸಿಗೆ ಇಂಗ್ಲಿಷಿನಲ್ಲಿ 'ಸೂಟ್' ಎನ್ನುತ್ತಾರೆ. ಅದೂ ಇದೇ ಕುಲದ್ದು, 'ಕೂತದ್ದು' ಎಂದೇ ಅರ್ಥ.

ಎರಡನೆಯದು ಲ್ಯಾಟಿನ್ನಿನಿಂದ ಹೊರಟು ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದದ್ದು. ಅದರ ಮೂಲದಲ್ಲಿ 'ಹಿಂಬಾಲಿಸು' ಎಂಬ ಅರ್ಥವಿದೆ. ಒಬ್ಬರನ್ನು ಹಿಂಬಾಲಿಸಿ ಹೋಗುವವರದು ಒಂದು ಗುಂಪು, ಒಂದು ಪಂಥ. ಅಲ್ಲಿಂದ ಬರುಬರುತ್ತಾ ಒಂದಕ್ಕೊಂದು ಜೊತೆಯಾಗಿ ಇರುವ ವಸ್ತುಗಳಿಗೆಲ್ಲ ಸೆಟ್ ಆಯಿತು. ಟೀ ಸೆಟ್ಟು, ಮುತ್ತಿನ ಸೆಟ್ಟು, ಸೋಫಾ ಸೆಟ್ಟು ಈ ಮನೆಯವು. ಗಂಡಸರ ಸೂಟು ಇದೆಯಲ್ಲ, ಕೋಟನ್ನು ಪ್ಯಾಂಟು ಹಿಂಬಾಲಿಸುತ್ತದೆ, ಅದೂ ಇದೇ ವಂಶ. ಮೊದಲನೆಯದನ್ನು ಹಿಂಬಾಲಿಸುವ 'ಸೆಕೆಂಡ್' ಕೂಡ. ಓರಗಿತ್ತಿಯರು ಒಂದೇ ಮನೆಯಲ್ಲಿ ಬಹುಕಾಲ ಇದ್ದು ಒಬ್ಬರ ನಡೆನುಡಿ ಇನ್ನೊಬ್ಬರಿಗೆ ಹತ್ತುವುದಿಲ್ಲವೇ? ಹಾಗೆ ಇವೂ ಬೆರೆತುಹೋದವು. ಒಟ್ಟಿಗೆ ಕೂರಿಸಿಟ್ಟದ್ದೇ ಸೆಟ್ಟು ಎಂದು ಇಂಗ್ಲಿಷಿನವರೇ ಅಂದುಕೊಳ್ಳುವಂತಾಯಿತಂತೆ.

ಅಷ್ಟು ಹೊತ್ತಿಗೆ ನನಗೆ ನಮ್ಮ ಗೊಂಬೆಗಳು ನೆನಪಾದವು. ಗೊಂಬೆ ಕೂರಿಸುವುದು, ಅದು ಮೊದಲನೇ ಸೆಟ್. ಮತ್ಸ್ಯನ ಹಿಂದೆ ಕೂರ್ಮ, ಕೂರ್ಮನ ಹಿಂದೆ ವರಾಹ, ಹೀಗೆ ಒಂದನ್ನೊಂದು ಹಿಂಬಾಲಿಸುವ ಹತ್ತು ಗೊಂಬೆ, ಅದು ಎರಡನೇ ಸೆಟ್. ಆ ಮೇಡಂ ಒಂದನ್ನು ಕೇಳಿದರು, ನಾನು ಇನ್ನೊಂದನ್ನು ಹೇಳಿದೆ. ಇಬ್ಬರೂ ಅದೇ ಮೆಟ್ಟಿಲುಗಳ ಮುಂದೆ ನಿಂತಿದ್ದೆವು!

ಇನ್ನೂ ಒಂದು ವಿಷಯವಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ತಾಯಿಬೇರಿನವು ಇರಬೇಕೆಂದು 1786ರಲ್ಲಿ ವಿಲಿಯಂ ಜೋನ್ಸ್ ಎಂಬವರು ಕಲ್ಕತ್ತೆಯಲ್ಲಿ ಭಾಷಣ ಮಾಡಿದ್ದರು. ಇಂಗ್ಲಿಷೂ ಆ ದೊಡ್ಡ ಕುಟುಂಬದ್ದೇ. ಹಾಗಾಗಿ ಈ ಸೆಟ್ಟುಗಳಿಗೆ ಸಂಸ್ಕೃತದಲ್ಲಿ ದಾಯಾದಿಗಳಿದ್ದಾರೆ. ಕೂರುವ ಸೆಟ್ಟಿಗೆ 'ಸದ್' ಎಂಬ ಧಾತು. ಸದನ, ಸದಸ್ಯ, ಪರಿಷತ್ತು, ಗುರುವಿನ ಹತ್ತಿರ ಕೂತು ಕೇಳುವ ಉಪನಿಷತ್ತು, ಎಲ್ಲ ಅಲ್ಲಿಂದಲೇ. ಹಕ್ಕಿಗೂಡಿಗೆ 'ನೀಡ' ಎಂಬ ಹೆಸರಿದೆಯಲ್ಲ, ಅದೂ ಇಂಗ್ಲಿಷಿನ 'ನೆಸ್ಟ್' ಕೂಡಾ ಒಂದೇ ಪದದ ಎರಡು ರೂಪ. ಹಿಂಬಾಲಿಸುವ ಸೆಟ್ಟಿಗೆ 'ಸಚ್' ಎಂಬ ಧಾತು, ಜೊತೆಯಲ್ಲಿರು ಎಂದು ಅರ್ಥ. ಅದರಿಂದ ಸಚಿವ. ನಮ್ಮ ಸಖಿಯೂ ಆ ಕಡೆಯವಳೇ. ಅಂದರೆ ವಿಧಾನಸಭೆಯಲ್ಲಿ ಸದಸ್ಯರು ಒಂದು ಸೆಟ್ಟು, ಸಚಿವರು ಇನ್ನೊಂದು ಸೆಟ್ಟು. ಸದಸ್ಯರು ಕೂರಬೇಕಾದವರು, ಸಚಿವರು ಜೊತೆಯಲ್ಲಿರಬೇಕಾದವರು. ಯಾರು ಎಷ್ಟು ಹೊತ್ತು ಕೂರುತ್ತಾರೋ, ಯಾರು ಯಾರ ಜೊತೆ ಇರುತ್ತಾರೋ, ಪತ್ರಿಕೆ ಓದುವ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಕನ್ನಡದ ಕೂರು, ಇಡು ಮಾತ್ರ ಈ ನೆಂಟಸ್ತಿಕೆಗೆ ಸೇರಿದವಲ್ಲ. ಅವು ತಮಿಳು, ತೆಲುಗಿನ ಜೊತೆಯ ದ್ರಾವಿಡ ಮನೆಯವು.

ಸೆಟ್ ನಮ್ಮ ಊರಿಗೆ ಬಂದು ಎಷ್ಟು ಬೇಗ ನಮ್ಮದಾಯಿತು ನೋಡಿ. ಹಳ್ಳಿಯಲ್ಲಿ ನನ್ನ ಚಿಕ್ಕಪ್ಪ ಒಂದಕ್ಷರ ಇಂಗ್ಲಿಷ್ ಅರಿಯದವರು, ಆದರೆ 'ಪಂಪ್‌ಸೆಟ್ಟು' ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ. ಮೋಟಾರೂ ಪಂಪೂ ಜೊತೆಗಿರುವುದರಿಂದ ಅದು ಸೆಟ್ಟು. ಹಿಂದಿನವರು ರೇಡಿಯೋಕ್ಕೆ ರೇಡಿಯೋ ಸೆಟ್ ಅನ್ನುತ್ತಿದ್ದುದೂ ಹಾಗೆಯೇ. ಇನ್ನು ಸೆಟ್ ದೋಸೆ! ಒಂದು ತಟ್ಟೆಗೆ ಮೂರು ದೋಸೆ, ಒಂದನ್ನೊಂದು ಹಿಂಬಾಲಿಸಿ ಬರುವುದರಿಂದ ಆ ಹೆಸರು. ಹೇಗೂ ಮಾತು ಬಂತಲ್ಲ, ಅಳತೆ ಹೇಳಿಬಿಡುತ್ತೇನೆ. 2 ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, 1 ಚಮಚ ಮೆಂತ್ಯ ನಾಲ್ಕೈದು ಗಂಟೆ ನೆನೆಯಲಿ. ಅರ್ಧ ಲೋಟ ಗಟ್ಟಿ ಅವಲಕ್ಕಿಯನ್ನು ರುಬ್ಬುವ ಅರ್ಧ ಗಂಟೆ ಮೊದಲು ನೆನೆಸಿದರೆ ಸಾಕು. ನುಣ್ಣಗೆ ರುಬ್ಬಿ ರಾತ್ರಿ ಹುದುಗಲು ಬಿಡಿ. ಬೆಳಿಗ್ಗೆ ಉಪ್ಪು ಬೆರೆಸಿ, ಕಾದ ಕಾವಲಿಯ ಮೇಲೆ ಒಂದು ಸೌಟು ಹುಯ್ದು ದಪ್ಪಗೇ ಬಿಡಿ, ತೆಳ್ಳಗೆ ಎಳೆಯಬೇಡಿ. ಮುಚ್ಚಳ ಮುಚ್ಚಿ ಒಂದೇ ಮಗ್ಗುಲು ಬೇಯಿಸಿ. ಮೇಲೆಲ್ಲ ಕಣ್ಣು ಕಣ್ಣು ಬಿಡಬೇಕು. ತರಕಾರಿ ಸಾಗು ಇದ್ದರೆ ಮಾತೇ ಬೇಡ.

ಆದರೆ ಈ ಪದದ ಒಂದು ಹೊಸ ಬಳಕೆ ಕೇಳಿದರೆ ನನಗೆ ಮೈ ಉರಿಯುತ್ತದೆ. ನನ್ನ ಅಕ್ಕನ ಮಗಳನ್ನು ನೋಡಲು ಒಂದು ಮನೆಯವರು ಬಂದಿದ್ದರು. ಏಳು ಜನ. ಉಪ್ಪಿಟ್ಟು, ಕೇಸರಿಬಾತು, ಎರಡೆರಡು ಸಲ ಕಾಫಿ ಆಯಿತು. ಹುಡುಗಿ ರಜೆ ಹಾಕಿ ಕೂತಿದ್ದಳು. ಮೂರು ದಿನ ಬಿಟ್ಟು ಫೋನಿಗೆ ಒಂದು ಸಾಲಿನ ಸಂದೇಶ: 'ಸೆಟ್ ಆಗಲ್ಲ.' ಅಷ್ಟೇ. ಹಿಂದೆ ಜಾತಕ ಕೂಡಿಬರಲಿಲ್ಲ ಅನ್ನುತ್ತಿದ್ದರು. ಸುಳ್ಳೋ ನಿಜವೋ, ತಪ್ಪನ್ನು ಗ್ರಹಗಳ ಮೇಲೆ ಹಾಕಿ ಹೆಣ್ಣಿನ ಮನಸ್ಸು ಉಳಿಸುತ್ತಿದ್ದರು. ಹರಳು ಉಂಗುರದಲ್ಲಿ ಕೂರದಿದ್ದರೆ ಹೇಳುವ ಮಾತನ್ನು ಮನುಷ್ಯರಿಗೆ ಹೇಳಬಹುದೇ? ನೀವೇ ಹೇಳಿ. ಹೆಪ್ಪು ಹಾಕಿದ ಮೊಸರಿಗೂ ಈಗ 'ಸೆಟ್ ಆಗಿದೆ' ಅನ್ನುತ್ತಾರೆ ಹುಡುಗಿಯರು. ಹೆಪ್ಪುಗಟ್ಟಿದೆ ಎನ್ನುವ ಚೆಂದದ ಮಾತು ಇರುವಾಗ ಇದೇಕೋ ನನಗೆ ಒಗ್ಗದು. ಪಂಪ್‌ಸೆಟ್ಟು ಇರಲಿ, ಅದಕ್ಕೆ ಬೇರೆ ಮಾತಿರಲಿಲ್ಲ.

ಹುಡುಕಾಟದ ಕಡೆಯಲ್ಲಿ ನನಗೆ ಸಿಕ್ಕದ್ದು ಮಾತ್ರ ನನ್ನದೇ ಹೈಸ್ಕೂಲಿನ ಲೆಕ್ಕದ ಪುಸ್ತಕದ ಸರಕು. ಮಗಳು ಹೇಳಿದಳು, "ಗಣಿತದಲ್ಲೂ ಸೆಟ್ ಇದೆ ಅಮ್ಮಾ. ಎರಡು ಸೆಟ್ಟುಗಳನ್ನು ಕೂಡಿಸಬಹುದು, ಎರಡರಲ್ಲೂ ಇರೋದನ್ನ ಬೇರೆ ತೆಗೀಬಹುದು, ದುಂಡಗೆ ವೃತ್ತ ಬರೆದು ತೋರಿಸ್ತಾರೆ." ನಾನು ಚಪಾತಿ ಹಿಟ್ಟು ಕಲಸುತ್ತಿದ್ದವಳು ಕೈ ನಿಲ್ಲಿಸಿದೆ. ಗಣಗಳು! ಸಂಯೋಗ, ಛೇದನ, ವೆನ್ ನಕ್ಷೆ! ಆ ಪಾಠದ ಲೆಕ್ಕಗಳನ್ನು ನಾನು ಒಂದೂ ತಪ್ಪಿಲ್ಲದೆ ಮಾಡಿದ್ದೆ. ಮೇಷ್ಟ್ರು ನನ್ನ ಪುಸ್ತಕ ಎತ್ತಿ ಇಡೀ ತರಗತಿಗೆ ತೋರಿಸಿದ್ದರು. ಅದರ ಇಂಗ್ಲಿಷ್ ಹೆಸರು ಸೆಟ್ ಎಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹಿಟ್ಟಿನ ಕೈಯಲ್ಲೇ ಹಲಗೆಯ ಮೇಲೆ ಎರಡು ವೃತ್ತ ಬರೆದು ತೋರಿಸಿದೆ. ಸರಿಯಾಗಿತ್ತು. ಮಗಳು ನಕ್ಕಳು, ಆದರೆ ಆ ನಗು ಬೇರೆ.

ಹೋದ ದಸರೆಗೆ ಮನೆಯಲ್ಲೇ ಗೊಂಬೆ ಕೂರಿಸಿದೆ, ಐದೂ ಸೆಟ್ಟು. ಪಾಡ್ಯದ ಹಿಂದಿನ ದಿನ ಅದೇ ಮೇಡಂ ಫೋನು ಮಾಡಿದರು. ಏನೋ ಸಮಾಜದ ವಂತಿಗೆಯ ವಿಷಯ. ಕೊನೆಯಲ್ಲಿ, "ಮತ್ತೆ, ದಸರಾಗೆ ಆಲ್ ಸೆಟ್?" ಅಂದರು. ಅವರಿಗೆ ಹಳೆಯದು ನೆನಪಿತ್ತೋ ಇಲ್ಲವೋ ತಿಳಿಯದು.

"ಎಲ್ಲಿ ಮೇಡಂ, ಪಟ್ಟದ ಗೊಂಬೆಗೆ ಸೀರೆ ಉಡಿಸೋದೇ ಬಾಕಿ. ಬಿಡುವಿದ್ರೆ ಬನ್ನಿ, ಒಂದು ಕೈ ಹಾಕಿ" ಅಂದೆ.

ನಿಜವಾಗಿಯೂ ಬಂದರು. ಸೆರಗು ಸಿಕ್ಕಿಸಿಕೊಂಡು ಟ್ರಂಕಿನ ಮುಂದೆ ನೆಲದ ಮೇಲೇ ಕೂತರು. ದಶಾವತಾರ ಜೋಡಿಸುತ್ತಾ ಐದನೆಯದಕ್ಕೆ ಬಂದು ಕೈ ತಡೆದು, ಸಣ್ಣ ದನಿಯಲ್ಲಿ, "ರೀ, ವಾಮನ ಆದ್ಮೇಲೆ ಯಾರು?" ಅಂದರು. ನನಗೆ ನಗು ಬಂತು, ತಡೆದುಕೊಂಡೆ. "ಪರಶುರಾಮ" ಅಂದು ಕೊಡಲಿ ಹಿಡಿದ ಗೊಂಬೆಯನ್ನು ಅವರ ಕೈಗೆ ಕೊಟ್ಟೆ.